ಶಾಬ್ಲಿ ಬಾಟಲಿ ಮೇಲಿರೋ ಇಸವಿ ಓದೋದು ಹೇಗೆ: ಒಂದು ಶಾರ್ಡನೆ ಬೆಳೆಯ ಪೂರ್ತಿ ವರ್ಷ

ವೈನ್ ಬಾಟಲಿ ಮೇಲೆ 2021, 2022 ಅಂತ ಒಂದು ಇಸವಿ ಇರತ್ತಲ್ಲ, ಅದನ್ನ ನೋಡಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ಹಾಕೋ ಲೆಕ್ಕ ಒಂದೇ, ಎಷ್ಟು ಹಳೇದು, ಹಳೇದಾದಷ್ಟೂ ಒಳ್ಳೇದು ಅಂತ. ಬಿಳಿ ವೈನಿಗೆ, ಅದರಲ್ಲೂ ಶಾರ್ಡನೆ ಅನ್ನೋ ದ್ರಾಕ್ಷಿ ತಳಿಯ ವೈನಿಗೆ ಈ ಲೆಕ್ಕ ನಡೆಯಲ್ಲ. ಆ ಇಸವಿ ಅಂದ್ರೆ ದ್ರಾಕ್ಷಿ ಕೊಯ್ದ ವರ್ಷ. ಆ ವರ್ಷ ಏಪ್ರಿಲಲ್ಲಿ ಹಿಮ ಬಿತ್ತಾ, ಜೂನಲ್ಲಿ ಹೂ ಸರಿಯಾಗಿ ಕಾಯಿ ಕಟ್ತಾ, ಆಗಸ್ಟಲ್ಲಿ ಬಿಸಿಲು ಎಷ್ಟಿತ್ತು, ಕೊಯ್ಲಿನ ಹೊತ್ತಿಗೆ ಮಳೆ ಹಿಡ್ಕೊಂಡಿತಾ, ಈ ನಾಲ್ಕು ಗೊತ್ತಾದ್ರೆ ಬಾಟಲಿ ತೆಗೆಯೋ ಮುಂಚೆನೇ ಒಳಗಿರೋದು ಹುಳಿ ಕಡೆಗಿರತ್ತಾ ಇಲ್ಲ ಮೈತುಂಬಿಕೊಂಡಿರತ್ತಾ ಅಂತ ಸುಮಾರಾಗಿ ಹೇಳಬಹುದು.

ಇದನ್ನ ಕಲಿಯೋಕೆ ಶಾಬ್ಲಿಗಿಂತ ಒಳ್ಳೆ ಜಾಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಶಾಬ್ಲಿ ಫ್ರಾನ್ಸಿನ ಬರ್ಗಂಡಿಯ ಉತ್ತರದ ತುದಿಲಿದೆ, ಪ್ಯಾರಿಸ್‌ನಿಂದ ಸುಮಾರು 180 ಕಿಲೋಮೀಟರ್, ಸೆರೆನ್ ಅನ್ನೋ ಸಣ್ಣ ಹೊಳೆಯ ಎರಡೂ ಕಡೆ ತೋಟಗಳು. ಅಲ್ಲಿ ಶಾಬ್ಲಿ ಹೆಸರಲ್ಲಿ ವೈನ್ ಮಾಡ್ಬೇಕಂದ್ರೆ ಶಾರ್ಡನೆ ಒಂದೇ ತಳಿ, ಬೇರೆ ಯಾವ್ದೂ ಸೇರಿಸೋ ಹಾಗಿಲ್ಲ. ಹೆಚ್ಚಿನವರು ಸ್ಟೀಲ್ ಟ್ಯಾಂಕಲ್ಲೇ ಮಾಡ್ತಾರೆ, ಹೊಸ ಓಕ್ ಮರದ ವಾಸನೆ ಅಡ್ಡ ಬರಲ್ಲ. ತಳಿ ಒಂದೇ, ಮಣ್ಣು ಹೆಚ್ಚುಕಮ್ಮಿ ಒಂದೇ, ಮಾಡೋ ರೀತಿನೂ ಒಂದೇ ಅಂದ್ಮೇಲೆ ವರ್ಷದಿಂದ ವರ್ಷಕ್ಕೆ ರುಚಿ ಬದಲಾಗಿದ್ರೆ ಅದಕ್ಕೆ ಕಾರಣ ಬಹುಪಾಲು ಹವಾಮಾನ. ಇನ್ನು ಚಳಿ ದೇಶ ಆಗಿರೋದ್ರಿಂದ ಅಲ್ಲಿ ದ್ರಾಕ್ಷಿ ಹಣ್ಣಾಗೋದೇ ಒಂದು ಪರೀಕ್ಷೆ, ಒಂದು ವರ್ಷ ಇದ್ದಂಗೆ ಇನ್ನೊಂದು ವರ್ಷ ಇರಲ್ಲ.

ಮೊದಲು ಇಸವಿಯನ್ನ ತಿಂಗಳುಗಳಾಗಿ ಬಿಡಿಸಿಕೊಳ್ಳಿ

ನಮ್ಮ ವಿಜಯಪುರದ ಕಡೆ ದ್ರಾಕ್ಷಿ ಬೆಳೆಯೋರಿಗೆ ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿ ಕತ್ತರಿಸೋದು), ಒಂದು ಬೆಳೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸೋಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ, ಫೆಬ್ರವರಿ ಮಾರ್ಚ್ ಹೊತ್ತಿಗೆ ಕೊಯ್ಲು. ನಮ್ಮಲ್ಲಿ ಬಳ್ಳಿ ಪೂರ್ತಿ ಮಲಗೋ ಅಷ್ಟು ಚಳಿ ಇಲ್ಲ, ಹಾಗಾಗಿ ಚಾಟ್ನಿ ಮಾಡೇ ಅದನ್ನ ಎಬ್ಬಿಸಬೇಕು. ಶಾಬ್ಲಿಲಿ ಚಳಿಗಾಲವೇ ಬಳ್ಳಿನ ಮಲಗಿಸತ್ತೆ. ನವೆಂಬರಲ್ಲಿ ಎಲೆ ಉದುರಿದ್ರೆ ಏಪ್ರಿಲ್ ತನಕ ಬರೀ ಕಡ್ಡಿ. ಡಿಸೆಂಬರಿಂದ ಮಾರ್ಚ್ ತನಕ ಒಂದೇ ಒಂದು ಚಾಟ್ನಿ, ಅದೂ ಕೈಯಲ್ಲಿ, ಹಿಂದಿನ ವರ್ಷದ ಒಂದೆರಡು ಒಳ್ಳೆ ಕಡ್ಡಿ ಉಳಿಸಿ ತಂತಿಗೆ ಬಗ್ಗಿಸಿ ಕಟ್ಟಿ ಉಳಿದಿದ್ದೆಲ್ಲ ಕತ್ತರಿಸಿ ಹಾಕ್ತಾರೆ. ಕೆಲವರು ಹಿಮದ ಭಯಕ್ಕೆ ತಗ್ಗಿನ ತೋಟಗಳ ಚಾಟ್ನಿಯನ್ನ ಬೇಕಂತಲೇ ಮಾರ್ಚ್ ಕೊನೆಗೆ ಇಟ್ಕೋತಾರೆ, ತಡವಾಗಿ ಕತ್ತರಿಸಿದ್ರೆ ಚಿಗುರೋದೂ ಸ್ವಲ್ಪ ತಡ ಆಗತ್ತೆ ಅಂತ.

ಆಮೇಲೆ ಏಪ್ರಿಲಲ್ಲಿ ಚಿಗುರು, ಜೂನಲ್ಲಿ ಹೂ, ಆಗಸ್ಟಲ್ಲಿ ಹಣ್ಣು ಮೆತ್ತಗಾಗೋದು, ಸೆಪ್ಟೆಂಬರಲ್ಲಿ ಕೊಯ್ಲು. ಹೂ ಬಿಟ್ಟಲ್ಲಿಂದ ಕೊಯ್ಲಿಗೆ ಸುಮಾರು ನೂರು ದಿನ ಅನ್ನೋದು ಅಲ್ಲಿನ ಹಳೇ ಲೆಕ್ಕ. ಇಷ್ಟು ತಲೇಲಿ ಇಟ್ಕೊಳ್ಳಿ, ಈಗ ಒಂದೊಂದಾಗಿ ಬರೋಣ.

ಏಪ್ರಿಲ್: ಹಿಮ ಬಿತ್ತಾ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ. ಇಲ್ಲಿ ಹಿಮ ಅಂದ್ರೆ ಆಕಾಶದಿಂದ ಬೀಳೋ ಮಂಜಲ್ಲ, ರಾತ್ರಿ ಸೊನ್ನೆಗಿಂತ ಕೆಳಗಿಳಿದು ಹೆಪ್ಪುಗಟ್ಟಿಸೋ ಚಳಿ. ಶಾರ್ಡನೆ ಬೇಗ ಚಿಗುರೋ ತಳಿ. ಮಾರ್ಚಲ್ಲಿ ನಾಲ್ಕು ದಿನ ಬಿಸಿಲು ಬಂದ್ರೆ ಸಾಕು, ಇನ್ನೇನು ಬೇಸಿಗೆ ಬಂತು ಅಂತ ಕಣ್ಣು ಒಡೆದು ಚಿಗುರು ಆಚೆ ಬಂದ್ಬಿಡತ್ತೆ. ಮುಚ್ಚಿಕೊಂಡಿರೋ ಕಣ್ಣು ಚಳಿ ತಡ್ಕೊಳತ್ತೆ, ಆದ್ರೆ ಎಲೆ ಬಿಚ್ಚಿದ ಎಳೇ ಚಿಗುರಲ್ಲಿ ಪೂರ್ತಿ ನೀರು, ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೋದ್ರೆ ಒಳಗೇ ಹೆಪ್ಪುಗಟ್ಟಿ ಬೆಳಗಾಗೋ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿ ಜೋತು ಬಿದ್ದಿರತ್ತೆ. ತಣ್ಣನೆ ಗಾಳಿ ಭಾರ, ಅದು ಇಳಿಜಾರಲ್ಲಿ ಇಳಿದು ಸೆರೆನ್ ಹೊಳೆಯ ತಗ್ಗಲ್ಲಿ ತುಂಬಿಕೊಳ್ಳತ್ತೆ, ಹಾಗಾಗಿ ಕೆಳಗಿನ ತೋಟಗಳಿಗೇ ಮೊದಲ ಏಟು.

2021ರಲ್ಲಿ ಆಗಿದ್ದು ಇದೇ. ಮಾರ್ಚ್ ಕೊನೇಲಿ ಫ್ರಾನ್ಸಲ್ಲಿ ಬೇಸಿಗೆ ಥರ ಸೆಖೆ, ಚಿಗುರು ಮುಂಚೆನೇ ಬಂತು, ಏಪ್ರಿಲ್ ಮೊದಲ ವಾರ ಸಾಲಾಗಿ ರಾತ್ರಿಗಳು ಸೊನ್ನೆಗಿಂತ ಎಷ್ಟೋ ಕೆಳಗಿಳಿದವು, ಅದರ ಮೇಲೆ ಕೆಲವು ಕಡೆ ಹಿಮಮಳೆನೂ ಬಿತ್ತು. ಶತಮಾನದ ಆರಂಭದಿಂದ ಇಲ್ಲಿಯವರೆಗಿನ ಅತಿ ದೊಡ್ಡ ಬೆಳೆ ದುರಂತ ಇರಬಹುದು ಅಂತ ಆಗಿನ ಕೃಷಿ ಮಂತ್ರಿನೇ ಹೇಳಿದ್ರು. 2016ರ ಏಪ್ರಿಲ್ ಕೊನೇಲೂ ಹಿಮ, ಮೇ ತಿಂಗಳಲ್ಲಿ ಆಲಿಕಲ್ಲು, 2017ರ ಏಪ್ರಿಲ್ ಕೊನೇಲಿ ಮತ್ತೆ ಹಿಮ, 2024ರಲ್ಲಿ ಏಪ್ರಿಲ್ ಹಿಮದ ಹಿಂದೆನೇ ಮೇ 1ಕ್ಕೆ ಆಲಿಕಲ್ಲು ಮಳೆ.

ಅಲ್ಲಿಯೋರು ಇದನ್ನ ಎದುರಿಸೋ ರೀತಿ ತಿಳ್ಕೊಳ್ಳೋ ಹಾಗಿದೆ. ಒಂದು, ಬೆಂಕಿ. ಬಕೆಟ್ ಗಾತ್ರದ ಡಬ್ಬಗಳಲ್ಲಿ ಪ್ಯಾರಾಫಿನ್ ತುಂಬಿ ಸಾಲುಗಳ ನಡುವೆ ಇಟ್ಟು ರಾತ್ರಿ ಎರಡು ಮೂರು ಗಂಟೆಗೆ ಹಚ್ಚೋದು, ಒಂದು ಹೆಕ್ಟೇರಿಗೆ 300ರಿಂದ 500 ಬೇಕು, ದುಡ್ಡೂ ಹಾಗೇ ಸುಡತ್ತೆ. ಇನ್ನೊಂದು, ನೀರು. ಇದು ಕೇಳೋಕೆ ವಿಚಿತ್ರ ಅನ್ಸತ್ತೆ, ಚಳಿಗೆ ಸಾಯೋ ಚಿಗುರಿನ ಮೇಲೆ ರಾತ್ರಿಯೆಲ್ಲ ಸ್ಪ್ರಿಂಕ್ಲರಲ್ಲಿ ನೀರು ಬಿಡ್ತಾರೆ. ನೀರು ಮಂಜುಗಡ್ಡೆ ಆಗೋವಾಗ ಒಂದೊಂದು ಗ್ರಾಮಿಗೂ ಸುಮಾರು 80 ಕ್ಯಾಲರಿ ಶಾಖ ಬಿಟ್ಕೊಡತ್ತೆ, ಆ ಶಾಖದಲ್ಲಿ ಗಡ್ಡೆಯ ಒಳಗಿರೋ ಚಿಗುರು ಸೊನ್ನೆ ಡಿಗ್ರಿ ಆಸುಪಾಸಲ್ಲೇ ಉಳಿಯತ್ತೆ, ಸೊನ್ನೆಗೆ ಅದು ಸಾಯಲ್ಲ. ಬೆಳಿಗ್ಗೆ ನೋಡಿದ್ರೆ ಪ್ರತಿ ಕಡ್ಡಿಗೂ ಗಾಜಿನಂಥ ಗಡ್ಡೆಯ ಕವಚ, ತಂತಿಯಿಂದ ಬಿಳಲುಗಳ ಥರ ಗಡ್ಡೆ ನೇತಾಡ್ತಿರತ್ತೆ, ಅದರೊಳಗೆ ಹೆಬ್ಬೆರಳ ಉಗುರಿನಷ್ಟು ಹಸಿರು ಚಿಗುರು ಹಾಗೇ ಇರತ್ತೆ. ಆದ್ರೆ ಒಂದು ನಿಯಮ, ನೀರು ಮಧ್ಯೆ ನಿಲ್ಲಬಾರದು. ಪಂಪ್ ಕೆಟ್ಟು ನಡುರಾತ್ರಿ ನಿಂತ್ರೆ ಒದ್ದೆ ಚಿಗುರು ಒಣ ಚಿಗುರಿಗಿಂತ ಬೇಗ ಸಾಯತ್ತೆ. ಬಿಸಿಲು ಬಂದು ಗಡ್ಡೆ ಕರಗೋ ತನಕ ಬಿಡ್ತಾನೇ ಇರಬೇಕು.

1950ರ ದಶಕದಲ್ಲಿ ಶಾಬ್ಲಿಲಿ ಉಳಿದಿದ್ದ ತೋಟ 500 ಹೆಕ್ಟೇರಿನ ಆಸುಪಾಸು ಅಷ್ಟೇ, 1957ರ ಹಿಮವಂತೂ ಬೆಳೆನೇ ಒರೆಸಿ ಹಾಕಿತ್ತು. ಈ ಬೆಂಕಿ ನೀರಿನ ಉಪಾಯಗಳು ಬಂದ್ಮೇಲೇ ಜನಕ್ಕೆ ಮತ್ತೆ ಬಳ್ಳಿ ನೆಡೋ ಧೈರ್ಯ ಬಂದಿದ್ದು, ಈಗ 5,000 ಹೆಕ್ಟೇರಿಗೂ ಮೇಲಿದೆ.

ಈಗ ಇದು ನಿಮ್ಮ ಗ್ಲಾಸಿಗೆ ಹೇಗೆ ಬರತ್ತೆ? ಹಿಮ ಬಿದ್ದ ವರ್ಷ ಅಂದ ತಕ್ಷಣ ವೈನ್ ಕೆಟ್ಟದು ಅಂತ ತಿಳ್ಕೋಬೇಡಿ. ಮೊದಲ ಚಿಗುರು ಸತ್ರೆ ಪಕ್ಕದ ಕಣ್ಣಿಂದ ಎರಡನೇ ಚಿಗುರು ಬರತ್ತೆ, ಗೊಂಚಲು ಕಮ್ಮಿ, ಹಣ್ಣಾಗೋದೂ ತಡ. ಅಂದ್ರೆ ಹಿಮ ಮುಖ್ಯವಾಗಿ ಕಮ್ಮಿ ಮಾಡೋದು ಬಾಟಲಿಗಳ ಸಂಖ್ಯೆಯನ್ನ, ರುಚಿಯನ್ನ ತೀರ್ಮಾನ ಮಾಡೋದು ಆಮೇಲಿನ ತಿಂಗಳುಗಳು. 2017ರಲ್ಲಿ ಹಿಮ ಬಿದ್ದೂ ಆಮೇಲೆ ಹವಾ ಚೆನ್ನಾಗಿದ್ದಿದ್ದಕ್ಕೆ ಉಳಿದ ಹಣ್ಣಲ್ಲಿ ಬಂದ ವೈನ್ ಶಾಬ್ಲಿ ಅಂದ್ರೆ ಹೀಗಿರಬೇಕು ಅನ್ನೋ ಹಾಗಿತ್ತು, ನನಗಂತೂ ಆ ವರ್ಷದ ವೈನ್ ಅಂದ್ರೆ ಬಹಳ ಇಷ್ಟ. ಹಿಮದ ವರ್ಷದ ಇನ್ನೊಂದು ಗುರುತು ರೇಟು, ಮಾಲು ಕಮ್ಮಿ ಇದ್ರೆ ಬೆಲೆ ಏರತ್ತೆ.

ಜೂನ್: ಹೂ ನಿಂತಿತಾ?

ದ್ರಾಕ್ಷಿ ಹೂ ಕಣ್ಣಿಗೆ ಕಾಣೋದೇ ಕಷ್ಟ, ದಳಗಳು ಬಿಚ್ಚಿಕೊಳ್ಳಲ್ಲ, ಒಂದಕ್ಕೊಂದು ಅಂಟಿ ಆದ ಸಾಸಿವೆ ಗಾತ್ರದ ಹಸಿರು ಟೋಪಿ ಬಿದ್ದು ಒಳಗಿಂದ ಕೇಸರಗಳು ಆಚೆ ಬರತ್ತೆ. ಆ ಹತ್ತು ಹದಿನೈದು ದಿನ ಬೆಚ್ಚಗೆ, ಒಣಗಿ ಇರಬೇಕು. ಚಳಿ ಮಳೆ ಹಿಡ್ಕೊಂಡ್ರೆ ಹೂ ಉದುರಿ ಹೋಗತ್ತೆ, ಇಲ್ಲ ಅರ್ಧಂಬರ್ಧ ಕಾಯಿ ಕಟ್ಟಿ ಒಂದೇ ಗೊಂಚಲಲ್ಲಿ ದೊಡ್ಡ ಹಣ್ಣಿನ ಪಕ್ಕ ಬೀಜ ಇಲ್ಲದ ಮೆಣಸಿನ ಕಾಳಷ್ಟು ಹಣ್ಣು ಇರತ್ತೆ. ಶಾರ್ಡನೆಗೆ ಇದು ಮಾಮೂಲಿ. ಬೆಳೆ ಕಮ್ಮಿ ಆದ್ರೂ ಆ ಸಣ್ಣ ಹಣ್ಣುಗಳಲ್ಲಿ ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚು, ರುಚಿ ಗಟ್ಟಿ, ಅದಕ್ಕೆ ಇದನ್ನ ಪೂರ್ತಿ ನಷ್ಟ ಅಂತ ಯಾರೂ ಅನ್ನಲ್ಲ.

ಜೂನ್ ಜುಲೈಲಿ ಮಳೆ ಜಾಸ್ತಿ ಆದ್ರೆ ಡೌನಿ ಅನ್ನೋ ಬೂಷ್ಟು ರೋಗ, ಮೋಡ ಮುಸುಕಿ ಬೆಚ್ಚಗಿದ್ರೆ ಬೂದಿ ರೋಗ. ಡೌನಿಗೆ ಹೊಡೆಯೋದು ಯಾವ ಔಷಧಿ ಗೊತ್ತಾ, ನಮ್ಮ ಮಲೆನಾಡಲ್ಲಿ ಅಡಿಕೆ ಕೊಳೆರೋಗಕ್ಕೆ ಮಳೆಗಾಲ ಹಿಡಿಯೋ ಮುಂಚೆ ಹೊಡೀತಾರಲ್ಲ, ಮೈಲುತುತ್ತ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ, ಅದೇ. ಅದು ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟದಲ್ಲಿ, 1880ರ ದಶಕದಲ್ಲಿ, ಈ ಡೌನಿ ರೋಗಕ್ಕೇ. ತೀರ್ಥಹಳ್ಳಿ, ಶಿರಸಿ ಕಡೆಯೋರಿಗೆ ಶಾಬ್ಲಿ ರೈತನ ಕಷ್ಟ ಹೇಳಿಕೊಡೋದೇ ಬೇಡ, ಔಷಧಿ ಹೊಡೆದ ಮಾರನೇ ದಿನ ಮಳೆ ಬಂದು ತೊಳೆದ್ರೆ ಮತ್ತೆ ಹೊಡೀಬೇಕು, ತೋಟಕ್ಕೆ ಇಳಿಯೋಕಾಗದಷ್ಟು ಕೆಸರಾದ್ರೆ ಕೈಕಟ್ಟಿ ಕೂರಬೇಕು. 2021 ಮತ್ತು 2024 ಎರಡರಲ್ಲೂ ಹಿಮದಿಂದ ಉಳಿದಿದ್ದಕ್ಕೆ ಡೌನಿ ಬಿತ್ತು.

ಆಗಸ್ಟ್: ಹುಳಿ ಉಳೀತಾ, ಸುಟ್ಟು ಹೋಯ್ತಾ?

ರುಚಿ ನಿಜವಾಗಿ ತೀರ್ಮಾನ ಆಗೋದು ಇಲ್ಲಿ. ಜುಲೈ ತನಕ ಹಣ್ಣು ಗಟ್ಟಿ, ಬರೀ ಹುಳಿ. ಆಗಸ್ಟಲ್ಲಿ ಮೆತ್ತಗಾಗೋಕೆ ಶುರು ಆಗತ್ತೆ, ಹಸಿರು ಹೋಗಿ ಬೆಳಕಿಗೆ ಹಿಡಿದ್ರೆ ಒಳಗಿನ ಬೀಜ ಕಾಣೋ ಥರ ತಿಳಿ ಹಳದಿ ಆಗತ್ತೆ. ಒಂದು ಕಡೆ ಸಕ್ಕರೆ ಏರತ್ತೆ, ಇನ್ನೊಂದು ಕಡೆ ಹುಳಿ ಇಳಿಯತ್ತೆ. ದ್ರಾಕ್ಷಿಲಿ ಮುಖ್ಯವಾಗಿ ಎರಡು ಆಮ್ಲ, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಹಸಿರು ಸೇಬಲ್ಲಿ ಬರೋ ಆ ಚುರುಕು ಹುಳಿ ಮ್ಯಾಲಿಕ್. ಸೆಖೆ ಇದ್ರೆ ಬಳ್ಳಿ ಈ ಮ್ಯಾಲಿಕ್ ಆಮ್ಲನ ಉಸಿರಾಟದಲ್ಲೇ ಖರ್ಚು ಮಾಡತ್ತೆ, ರಾತ್ರಿ ತಣ್ಣಗಿದ್ರೆ ಉಳಿಯತ್ತೆ. ಟಾರ್ಟಾರಿಕ್ ಅಷ್ಟು ಸುಲಭವಾಗಿ ಹೋಗಲ್ಲ. ಹಗಲು ಬಿಸಿಲು, ರಾತ್ರಿ ತಂಪು ಇರೋ ವರ್ಷದ ವೈನಲ್ಲಿ ಹಣ್ಣಿನ ರುಚಿನೂ ಇರತ್ತೆ, ನಾಲಿಗೆ ಬದಿಲಿ ನೀರೂರಿಸೋ ಹುಳಿನೂ ಇರತ್ತೆ ಅನ್ನೋದಕ್ಕೆ ಇದೇ ಕಾರಣ.

2003ರಲ್ಲಿ ಯುರೋಪ್ ಪೂರ್ತಿ ಬೆಂದು ಹೋಗಿತ್ತಲ್ಲ, ಆ ವರ್ಷದ ಶಾಬ್ಲಿಲಿ ಹುಳಿ ಕಮ್ಮಿ, ಶಾಬ್ಲಿ ಅಂತ ಗುರುತೇ ಸಿಗದಷ್ಟು ದಪ್ಪ. ಆದ್ರೆ ಬಿಸಿ ವರ್ಷ ಅಂದ್ರೆ ಹುಳಿ ಇಲ್ಲ ಅಂತ ಕಣ್ಣು ಮುಚ್ಚಿ ಹೇಳೋ ಹಾಗಿಲ್ಲ. 2020 ಬಿಸಿ, ಒಣ ವರ್ಷ, ಕೊಯ್ಲು ಆಗಸ್ಟ್ ಕೊನೆಗೇ ಶುರು ಆಯ್ತು, ಆದ್ರೂ ವೈನಲ್ಲಿ ತಾಜಾತನ ಚೆನ್ನಾಗೇ ಉಳಿದಿದೆ. ಋತುವೇ ಮುಂಚೆ ಶುರುವಾಗಿತ್ತು, ಹುಳಿ ಇಳಿಯೋ ಮುಂಚೆ ಕೊಯ್ದುಕೊಂಡ್ರು. ಹಾಗಾಗಿ ಬರೀ ಸೆಖೆ ಎಷ್ಟಿತ್ತು ಅಂತಲ್ಲ, ಯಾವಾಗ ಕೊಯ್ದ್ರು ಅನ್ನೋದನ್ನೂ ಸೇರಿಸಿ ನೋಡ್ಬೇಕು.

ಸೆಪ್ಟೆಂಬರ್: ಯಾವ ದಿನ ಕೊಯ್ಯೋದು?

ಇದಕ್ಕೆ ಹೆಚ್ಚು ಹೇಳೋದಿಲ್ಲ. ವಿಜಯಪುರದ ಥರನೇ ಅಲ್ಲೂ ಹಣ್ಣಿನ ರಸ ಹಿಂಡಿ ಮೀಟರಲ್ಲಿ ಬ್ರಿಕ್ಸ್, ಅಂದ್ರೆ ಸಕ್ಕರೆ ಎಷ್ಟಿದೆ ಅಂತ ನೋಡ್ತಾರೆ, ಬೀಜ ಕಚ್ಚಿ ನೋಡ್ತಾರೆ, ಹಸಿರಾಗಿ ಒಗರಿದ್ರೆ ಇನ್ನೂ ಆಗಿಲ್ಲ, ಕಂದು ಬಣ್ಣ ಬಂದು ಕಟಕ್ ಅಂದ್ರೆ ಆಗಿದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ರೆ ಶೇಕಡಾ 1 ಆಲ್ಕೋಹಾಲ್ ಬರತ್ತೆ, ಶಾಬ್ಲಿ ಸಾಮಾನ್ಯವಾಗಿ 12ರಿಂದ 13ರ ಒಳಗಿರತ್ತೆ. ಕೊಯ್ಲಿನ ವಾರ ಮಳೆ ಬಂದ್ರೆ ಹಣ್ಣು ನೀರು ಕುಡಿದು ಉಬ್ಬತ್ತೆ, ರುಚಿ ತೆಳು, ಕೊಳೆಯೋ ಭಯ. ದೊಡ್ಡ ತೋಟಗಳಲ್ಲಿ ಮಷಿನ್ ಕೊಯ್ಲೇ ಜಾಸ್ತಿ, ಮಳೆ ಬರತ್ತೆ ಅಂದ್ರೆ ರಾತ್ರೋರಾತ್ರಿ ಮುಗಿಸಬಹುದು ಅನ್ನೋದು ಅದರ ದೊಡ್ಡ ಅನುಕೂಲ.

ಅಂಗಡೀಲಿ ನಿಂತಾಗ ಲೇಬಲ್ ಓದೋ ಕ್ರಮ

ಮೊದಲು ದರ್ಜೆ ನೋಡಿ. ಕೆಳಗಿಂದ ಮೇಲಕ್ಕೆ ಪೆತಿ ಶಾಬ್ಲಿ, ಶಾಬ್ಲಿ, ಪ್ರೀಮಿಯೆ ಕ್ರೂ, ಗ್ರಾಂ ಕ್ರೂ ಅಂತ ನಾಲ್ಕಿದೆ. ಗ್ರಾಂ ಕ್ರೂ ಅಂದ್ರೆ ಹೊಳೆಯ ಬಲದಂಡೆ ಮೇಲೆ ಊರಿಗೆ ಎದುರಾಗಿರೋ ಒಂದೇ ಇಳಿಜಾರು, ನೂರು ಹೆಕ್ಟೇರಿನಷ್ಟು, ಲೆ ಕ್ಲೋ, ವಾಲ್ಮೂರ್, ವೋದೆಜೀರ್, ಬ್ಲಾಂಶೋ, ಗ್ರೆನುಯ್, ಪ್ರಯೂಸ್, ಬೂಗ್ರೋ ಅಂತ ಏಳು ತುಂಡು. ಮಧ್ಯಾಹ್ನದ ಬಿಸಿಲು ಚೆನ್ನಾಗಿ ಬೀಳತ್ತೆ. ತಣ್ಣಗಿನ ವರ್ಷದಲ್ಲಿ ಈ ಇಳಿಜಾರಿನ ಹಣ್ಣು ಚೆನ್ನಾಗಿ ಮಾಗತ್ತೆ, ಎತ್ತರದ ಬಯಲಲ್ಲಿರೋ ಪೆತಿ ಶಾಬ್ಲಿ ತೋಟಗಳಲ್ಲಿ ಹಸಿ ಹಸಿ ಉಳಿದುಬಿಡತ್ತೆ. ಬಿಸಿ ವರ್ಷದಲ್ಲಿ ಇದು ಉಲ್ಟಾ, ಪೆತಿ ಶಾಬ್ಲಿ ಕೂಡ ತುಂಬಿಕೊಂಡು ಬರತ್ತೆ, ಕಮ್ಮಿ ದುಡ್ಡಿಗೆ ಒಳ್ಳೆ ವೈನ್ ಸಿಗತ್ತೆ. ಇದನ್ನ ನೆನಪಿಟ್ಕೊಳ್ಳಿ, ಜೇಬಿಗೆ ನೇರವಾಗಿ ಲಾಭ: ಬಿಸಿ ವರ್ಷದ ಇಸವಿ ಇದ್ರೆ ಕೆಳಗಿನ ದರ್ಜೆಗೆ ಹೋಗಿ, ತಣ್ಣಗಿನ ವರ್ಷ ಆದ್ರೆ ಆದಷ್ಟು ಮೇಲಿನದಕ್ಕೆ.

ಆಮೇಲೆ ಆಲ್ಕೋಹಾಲ್ ಶೇಕಡಾ ನೋಡಿ. 13.5 ಇದ್ರೆ ಬಿಸಿಲಿನ ವರ್ಷ ಅನ್ನೋಕೆ ಒಳ್ಳೆ ಸುಳಿವು. 12.5 ಇದ್ರೆ ಮಾತ್ರ ಆ ಕಡೆ ಈ ಕಡೆ ಎರಡೂ ಇರಬಹುದು, ಯಾಕಂದ್ರೆ ತಣ್ಣಗಿನ ವರ್ಷದಲ್ಲಿ ರಸಕ್ಕೆ ಒಂದಿಷ್ಟು ಸಕ್ಕರೆ ಸೇರಿಸಿ ಆಲ್ಕೋಹಾಲ್ ಏರಿಸೋಕೆ ಅಲ್ಲಿನ ಕಾನೂನಲ್ಲೇ ಅವಕಾಶ ಇದೆ. ಇನ್ನು ಲೇಬಲ್ ಮೇಲೆ ಇಸವಿ ಹಾಕ್ಬೇಕಂದ್ರೆ ಯುರೋಪಲ್ಲಿ ಕನಿಷ್ಠ ಶೇಕಡಾ 85 ಆ ವರ್ಷದ್ದೇ ಇರಬೇಕು ಅನ್ನೋ ನಿಯಮ ಇದೆ, ಹಾಗಾಗಿ ಇಸವಿನ ನಂಬಬಹುದು.

ಈಗ ಕುಡಿದು ನೋಡೋದು

ಒಬ್ಬರೇ ಉತ್ಪಾದಕರ, ಒಂದೇ ದರ್ಜೆಯ, ಎರಡು ಬೇರೆ ವರ್ಷದ ಬಾಟಲಿ ತಗೊಳ್ಳಿ. 2021 ಮತ್ತು 2022 ಜೋಡಿ ಸಿಕ್ರೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ, ಒಂದು ತಣ್ಣಗೆ ಒದ್ದೆಯಾಗಿದ್ದ ವರ್ಷ, ಇನ್ನೊಂದು ಬಿಸಿ ಒಣ ವರ್ಷ. ಬೆಂಗಳೂರಲ್ಲಿ ಸುಂಕ ಸೇರಿ ಬೆಲೆ ಜಾಸ್ತಿನೇ ಆಗತ್ತೆ, ನಾಲ್ಕು ಜನ ಸ್ನೇಹಿತರು ಸೇರಿ ತಗೊಳ್ಳಿ, ಇಲ್ಲ ಹೊರದೇಶದಿಂದ ಬರೋರಿಗೆ ಡ್ಯೂಟಿ ಫ್ರೀಲಿ ನೋಡೋಕೆ ಹೇಳಿ. ಎರಡನ್ನೂ ಒಂದೇ ಥರದ ಗ್ಲಾಸಲ್ಲಿ, ಒಂದೇ ತಂಪಲ್ಲಿ, 10 ಡಿಗ್ರಿ ಆಸುಪಾಸು ಇಡಿ. ಫ್ರಿಜ್ಜಿಂದ ತೆಗೆದ ತಕ್ಷಣ ಕುಡಿಯೋದು ಬೇಡ, ಅಷ್ಟು ತಣ್ಣಗಿದ್ರೆ ವಾಸನೆ ಏಳಲ್ಲ, ಹದಿನೈದು ಇಪ್ಪತ್ತು ನಿಮಿಷ ಆಚೆ ಬಿಡಿ.

ಮೊದಲು ಬಿಳಿ ಕಾಗದದ ಮೇಲೆ ಗ್ಲಾಸ್ ಓರೆ ಹಿಡಿದು ಬಣ್ಣ ನೋಡಿ. 2021ರಲ್ಲಿ ಸಾಮಾನ್ಯವಾಗಿ ತೆಳು ಬಣ್ಣ, ಅಂಚಲ್ಲಿ ಹಸಿರು ಛಾಯೆ, 2022 ಸ್ವಲ್ಪ ಹೊಂಬಣ್ಣದ ಕಡೆ. ಮೂಗಿಟ್ರೆ 2021ರಲ್ಲಿ ನಿಂಬೆ ಸಿಪ್ಪೆ, ಹಸಿರು ಸೇಬು, ಸೀಮೆಸುಣ್ಣದ ಪುಡಿಯ ಥರದ್ದೇನೋ ಒಂದು. 2022ರಲ್ಲಿ ಮಾಗಿದ ಪೇರ್, ಪೀಚ್. ಬಾಯಲ್ಲಿ ಇಟ್ಕೊಂಡು ನುಂಗಿದ ಮೇಲೆ ದವಡೆಯ ಹಿಂದೆ ಎಷ್ಟು ಹೊತ್ತು ನೀರೂರತ್ತೆ ಅಂತ ಗಮನಿಸಿ, ಹುಳಿ ಅಳೆಯೋಕೆ ಅದೇ ಒಳ್ಳೆ ಅಳತೆ. ಯಾವುದು ಇಷ್ಟ ಆಯ್ತು ಅನ್ನೋದಕ್ಕೆ ಮುಂಚೆ ಇದು ಆಗಸ್ಟಿನ ಯಾವ ಥರದ ಬಿಸಿಲು ಅಂತ ಕೇಳ್ಕೊಂಡು ನೋಡಿ, ರುಚಿ ಮತ್ತು ಹವಾ ಎರಡೂ ತಲೇಲಿ ಒಂದಕ್ಕೊಂದು ಅಂಟ್ಕೊಳ್ಳೋಕೆ ಶುರು ಆಗತ್ತೆ.

ಬೆಣ್ಣೆ ವಾಸನೆ ಬಂದ್ರೆ ಮಾತ್ರ ಅದನ್ನ ಹವಾಮಾನದ ಲೆಕ್ಕಕ್ಕೆ ಹಾಕ್ಬೇಡಿ. ಹುದುಗಿದ ಮೇಲೆ ಬ್ಯಾಕ್ಟೀರಿಯಾ ಮ್ಯಾಲಿಕ್ ಆಮ್ಲನ ಮೊಸರಲ್ಲಿರೋ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸೋವಾಗ ಬರೋ ಡೈಅಸಿಟೈಲ್ ಅನ್ನೋ ವಸ್ತುವಿನ ವಾಸನೆ ಅದು. ವೆನಿಲ್ಲಾ, ಸುಟ್ಟ ಬ್ರೆಡ್ ಇದ್ರೆ ಓಕ್ ಪೀಪಾಯಿ. ಇವೆರಡೂ ಮನುಷ್ಯರು ಮಾಡೋ ತೀರ್ಮಾನ.

ಜೊತೆಗೆ ತಿನ್ನೋಕೆ ಶಾಬ್ಲಿಯೋರು ಸಿಂಪಿ ತಿಂತಾರೆ, ಅವರ ಮಣ್ಣಲ್ಲೇ ಸುಮಾರು 15 ಕೋಟಿ ವರ್ಷ ಹಳೇ ಸಮುದ್ರದ ಪುಟ್ಟ ಸಿಂಪಿ ಚಿಪ್ಪುಗಳು ಸುಣ್ಣಕಲ್ಲಲ್ಲಿ ಸೇರ್ಕೊಂಡಿವೆ. ನಮ್ಮಲ್ಲಿ ಖಾರ ಕಮ್ಮಿ ಹಾಕಿ ಕಾಯಿತುರಿ ಜಾಸ್ತಿ ಹಾಕಿದ ಮರುವಾಯಿ, ಇಲ್ಲ ನಿಂಬೆಹಣ್ಣು ಹಿಂಡಿದ ಹೆಸರುಬೇಳೆ ಕೋಸಂಬರಿ 2021ರಂಥ ಹುಳಿ ವೈನಿಗೆ ಚೆನ್ನಾಗಿ ಹೊಂದತ್ತೆ. ಖಾರ ಜಾಸ್ತಿ ಇದ್ರೆ ಹುಳಿ ಇನ್ನೂ ಚುಚ್ಚತ್ತೆ, ಆಗ 2022ರ ಥರದ್ದೇ ವಾಸಿ.

ಬೇರೆ ಊರಿನ ಶಾರ್ಡನೆಗೆ ಇದೇ ಪ್ರಶ್ನೆಗಳನ್ನ ತಿಂಗಳು ಬದಲಾಯಿಸಿ ಕೇಳಿ. ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್‌ನಲ್ಲಿ ಸೆಪ್ಟೆಂಬರಲ್ಲಿ ಚಿಗುರಿ ಫೆಬ್ರವರಿ ಮಾರ್ಚಲ್ಲಿ ಕೊಯ್ಲು, ಹಾಗಾಗಿ ಅವರ 2022 ಅಂದ್ರೆ ಅರ್ಧ ಋತು 2021ರದ್ದು. ಸೊಲ್ಲಾಪುರ ಜಿಲ್ಲೆಯ ಅಕ್ಲೂಜಲ್ಲಿ ಫ್ರಾಟೆಲ್ಲಿ ಅನ್ನೋ ವೈನ್ ಕಂಪನಿಯವರು ಶಾರ್ಡನೆ ಬೆಳೀತಾರೆ, ಅಲ್ಲಿ ಹಿಮದ ಪ್ರಶ್ನೆನೇ ಇಲ್ಲ, ಕೇಳಬೇಕಾಗಿದ್ದು ಚಾಟ್ನಿ ಆದ್ಮೇಲೆ ಹಿಂಗಾರು ಮಳೆ ಕಾಡಿತಾ, ಡಿಸೆಂಬರ್ ಜನವರಿ ರಾತ್ರಿಗಳು ತಣ್ಣಗಿದ್ವಾ ಅಂತ.

ಸಾಮಾನ್ಯ ಶಾಬ್ಲಿನ ಕೊಯ್ಲಿನಿಂದ ನಾಲ್ಕೈದು ವರ್ಷದೊಳಗೆ ಕುಡಿದು ಮುಗಿಸಿ, ಒಳ್ಳೆ ವರ್ಷದ ಗ್ರಾಂ ಕ್ರೂ ಹತ್ತು ಹದಿನೈದು ವರ್ಷ ತಡೀತದೆ, ಆದ್ರೆ ಬೆಂಗಳೂರಿನ ಮನೆ ಕಪಾಟಲ್ಲಿ ಅಲ್ಲ, 12 ಡಿಗ್ರಿ ಆಸುಪಾಸಿನ ವೈನ್ ಫ್ರಿಜ್ಜಲ್ಲಿ ಮಾತ್ರ. ತೆಗೆದ ಬಾಟಲಿ ಉಳಿದ್ರೆ ಬಿರಡೆ ಒತ್ತಿ ಫ್ರಿಜ್ಜಲ್ಲಿಡಿ, ಮೂರು ದಿನ ಏನೂ ಆಗಲ್ಲ, ಹುಳಿ ಜಾಸ್ತಿ ಇರೋ ವರ್ಷದ್ದು ಎರಡನೇ ದಿನ ಸ್ವಲ್ಪ ಬಿಚ್ಚಿಕೊಂಡು ಮೊದಲನೇ ದಿನಕ್ಕಿಂತ ಚೆನ್ನಾಗಿರೋದೂ ಉಂಟು.